ಅಂಶಕ್ಕಿಂತ ಛೇದ: ಸರ್ಚ್ ಜಾಹೀರಾತುಗಳಲ್ಲಿ ಕ್ಲಿಕ್ ಪ್ರಮಾಣದ ಮರುವಿಚಾರ

ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬಿಲ್ ಗ್ರಾಸ್ 1998ರಲ್ಲಿ ಆರಂಭಿಸಿದ ಗೋಟು.ಕಾಂ ಎಂಬ ಸರ್ಚ್ ತಾಣದಲ್ಲಿ ಜಾಹೀರಾತುಗಳ ಸಾಲನ್ನು ನಿರ್ಧರಿಸುತ್ತಿದ್ದದ್ದು ಹಣವೊಂದೇ. ಒಂದು ಪದಕ್ಕೆ ಯಾರು ಹೆಚ್ಚು ಕೂಗುತ್ತಾರೋ ಅವರ ಜಾಹೀರಾತು ಮೇಲೆ. ಬಳಕೆದಾರರು ಅದನ್ನು ಒತ್ತಿದರೆ ಮಾತ್ರ ಹಣ ಕೊಟ್ಟರಾಯಿತು. ಕಾಣಿಸಿದ್ದಕ್ಕಲ್ಲ, ಕ್ಲಿಕ್ಕಿಗೆ ಹಣ ಎಂಬ ಈ ಏರ್ಪಾಡು ಆ ಕಾಲಕ್ಕೆ ಹೊಸದಾಗಿತ್ತು. ಆದರೆ ಅದರಲ್ಲೊಂದು ಕೊರತೆಯಿತ್ತು. ಯಾರೂ ಒತ್ತದ ಜಾಹೀರಾತಿಗೆ ಎಷ್ಟೇ ದೊಡ್ಡ ಮೊತ್ತ ಕೂಗಿದರೂ ತಾಣದ ಪಾಲಿಗೆ ಬರುವುದು ಸೊನ್ನೆ. ಮೇಲಿನ ಜಾಗ ಮಾತ್ರ ಭರ್ತಿಯಾಗಿರುತ್ತದೆ. ಗೋಟು.ಕಾಂ 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು, 2003ರಲ್ಲಿ ಯಾಹೂ ಅದನ್ನು ಕೊಂಡಿತು. ಅಷ್ಟರಲ್ಲಿ ಗೂಗಲ್ ಆ ಕೊರತೆಯನ್ನು ತುಂಬಿಯಾಗಿತ್ತು. 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಶುರುವಾದ ಅದರ ಜಾಹೀರಾತು ಸೇವೆ ಆಡ್‌ವರ್ಡ್ಸ್ ಮೊದಲು ಸಾವಿರ ಪ್ರದರ್ಶನಕ್ಕೆ ಇಷ್ಟು ಎಂಬ ಹಳೆಯ ಲೆಕ್ಕದಲ್ಲಿತ್ತು. 2002ರ ಫೆಬ್ರವರಿಯಲ್ಲಿ ಕ್ಲಿಕ್ಕಿನ ಲೆಕ್ಕಕ್ಕೆ ಬಂದಾಗ, ಕೂಗಿದ ಮೊತ್ತವನ್ನು ಆ ಜಾಹೀರಾತಿನ ಕ್ಲಿಕ್ ಪ್ರಮಾಣದಿಂದ ಗುಣಿಸಿ ಸಾಲು ನಿರ್ಧರಿಸತೊಡಗಿತು.

ಕ್ಲಿಕ್ ಪ್ರಮಾಣ, ಎಂದರೆ ವ್ಯವಹಾರದಲ್ಲಿ ಎಲ್ಲರೂ ಸಿಟಿಆರ್ ಎನ್ನುವುದು, ಸರಳವಾದ ಭಿನ್ನರಾಶಿ. ಅಂಶದಲ್ಲಿ ಕ್ಲಿಕ್ಕುಗಳ ಸಂಖ್ಯೆ, ಛೇದದಲ್ಲಿ ಜಾಹೀರಾತು ಕಾಣಿಸಿಕೊಂಡ ಸಲಗಳು, ಎಂದರೆ ಇಂಪ್ರೆಷನ್‌ಗಳು. ಸಾವಿರ ಸಲ ಕಾಣಿಸಿ ಇಪ್ಪತ್ತು ಕ್ಲಿಕ್ ಬಂದರೆ ಶೇ. 2. ಇದನ್ನು ಹೆಚ್ಚಿಸುವ ಬಗೆಗಿನ ಸಲಹೆಗಳಲ್ಲಿ ಬಹುಪಾಲು ಅಂಶದ ಸುತ್ತಲೇ ತಿರುಗುತ್ತವೆ: ಶೀರ್ಷಿಕೆ ಆಕರ್ಷಕವಾಗಿರಲಿ, ರಿಯಾಯಿತಿ ಹೇಳಿ, ‘ಇಂದೇ ಕರೆ ಮಾಡಿ’ ಎನ್ನಿ. ಜಾಹೀರಾತುದಾರರ ಕೈಗೆ ನಿಜವಾಗಿ ಸಿಗುವುದು ಛೇದ ಎಂಬುದು ಈ ಲೇಖನದ ವಾದ. ಯಾವ ಹುಡುಕಾಟಕ್ಕೆ ತನ್ನ ಜಾಹೀರಾತು ಕಾಣಿಸಬಾರದು ಎಂದು ತೀರ್ಮಾನಿಸುವುದರಲ್ಲಿ ಅವರಿಗಿರುವ ಅಧಿಕಾರ, ಕಂಡವರು ಒತ್ತುವಂತೆ ಮಾಡುವುದರಲ್ಲಿ ಇಲ್ಲ. ಹಾಗೆಯೇ, ಅಂಶ ಹೆಚ್ಚಿದಾಗಲೆಲ್ಲ ಲಾಭವೂ ಹೆಚ್ಚುತ್ತದೆ ಎಂಬ ನಂಬಿಕೆಗೆ ದೊಡ್ಡ ಕ್ಷೇತ್ರಪ್ರಯೋಗಗಳು ಬೆಂಬಲ ಕೊಡುವುದಿಲ್ಲ.

ಹರಾಜಿನ ಗಣಿತದಿಂದಲೇ ಶುರುಮಾಡಬೇಕು. ಸಿಟಿಆರ್ ಬರಿಯ ಅಂಕಿಯಲ್ಲ, ಅದು ಬೆಲೆ ಎಂಬುದು ಅಲ್ಲಿಯೇ ಗೊತ್ತಾಗುವುದು. ಇಳಕಲ್ ಸೀರೆ ಮಾರುವ ಮೂವರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು ಕ್ಲಿಕ್ಕಿಗೆ ₹20 ಕೂಗಿದ್ದಾರೆ, ಅವರ ಸಿಟಿಆರ್ ಶೇ. 2. ಎರಡನೆಯವರು ₹12, ಶೇ. 5. ಮೂರನೆಯವರು ₹10, ಶೇ. 3. ಗುಣಿಸಿದರೆ ಕ್ರಮವಾಗಿ 40 ಪೈಸೆ, 60 ಪೈಸೆ, 30 ಪೈಸೆ. ಎಂದರೆ ಒಂದು ಪ್ರದರ್ಶನದಿಂದ ತಾಣ ನಿರೀಕ್ಷಿಸಬಹುದಾದ ಆದಾಯ. ₹12 ಕೂಗಿದವರು ಮೇಲೆ ಹೋಗುತ್ತಾರೆ. ಅವರು ಕೊಡುವುದು ₹12 ಅಲ್ಲ. ತಮ್ಮ ಕೆಳಗಿನವರ 40 ಪೈಸೆಯನ್ನು ಸರಿಗಟ್ಟಲು ಶೇ. 5ರ ಸಿಟಿಆರ್‌ಗೆ ಎಷ್ಟು ಬೇಕೋ ಅಷ್ಟು, ಎಂದರೆ ₹8. ಎರಡನೇ ಸ್ಥಾನಕ್ಕಿಳಿದ ₹20ರವರು ಮೂರನೆಯವರ 30 ಪೈಸೆಗೆ ಸಮನಾಗಿ ₹15 ತೆರುತ್ತಾರೆ. ಮೇಲಿನ ಜಾಗ ₹8ಕ್ಕೆ, ಕೆಳಗಿನ ಜಾಗ ₹15ಕ್ಕೆ! ಈಗ ₹20ರವರು ತಮ್ಮ ಸಿಟಿಆರ್ ಅನ್ನು ಶೇ. 4ಕ್ಕೆ ಏರಿಸಿಕೊಂಡರು ಎನ್ನಿ. ಅವರ ಗುಣಲಬ್ಧ 80 ಪೈಸೆಯಾಗಿ ಅವರೇ ಮೇಲೆ ಹೋಗುತ್ತಾರೆ, ಕೊಡುವುದು ಅದೇ ₹15. ಬಿಡ್‌ಗೆ, ಎಂದರೆ ಕೂಗುವ ಮೊತ್ತಕ್ಕೆ, ಒಂದು ರೂಪಾಯಿಯನ್ನೂ ಸೇರಿಸದೆ ಜಾಗ ಸಿಕ್ಕಿತು.

ತನ್ನ ಕೆಳಗಿನವರನ್ನು ಸರಿಗಟ್ಟುವಷ್ಟೇ ತೆರುವ, ಎರಡನೇ ಬೆಲೆಯ ಈ ಹರಾಜು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿವರಿಸಿದ ಹರಾಜನ್ನು ಹೋಲುತ್ತದೆ, ಆದರೆ ಅದೇ ಅಲ್ಲ. ಎಡೆಲ್‌ಮನ್, ಒಸ್ಟ್ರೊವ್‌ಸ್ಕಿ ಮತ್ತು ಶ್ವಾರ್ಟ್ಸ್ 2007ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ತೋರಿಸಿದಂತೆ, ಇಲ್ಲಿ ತನ್ನ ನಿಜವಾದ ಮೌಲ್ಯವನ್ನೇ ಕೂಗುವುದು ಯಾವಾಗಲೂ ಅತ್ಯುತ್ತಮ ತಂತ್ರವಲ್ಲ. ಅದೇ ವರ್ಷ ಗೂಗಲ್‌ನ ಆಗಿನ ಮುಖ್ಯ ಅರ್ಥಶಾಸ್ತ್ರಜ್ಞ ಹ್ಯಾಲ್ ವೇರಿಯನ್ ಕೂಡ ಬೇರೆ ದಾರಿಯಿಂದ ಇದೇ ಹರಾಜಿನ ಸಮತೋಲವನ್ನು ವಿಶ್ಲೇಷಿಸಿದರು. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ಬೆಲೆಯ ಸೂತ್ರದಲ್ಲಿರುವುದು ಹಿಂದಿನ ವಾರದ ಸಿಟಿಆರ್ ಅಲ್ಲ, ಈ ಕ್ಷಣದ ಈ ಹುಡುಕಾಟಕ್ಕೆ ಯಂತ್ರ ಊಹಿಸುವ ಸಿಟಿಆರ್. ಜಾಹೀರಾತುದಾರರ ಪರದೆಯಲ್ಲಿ 1ರಿಂದ 10ರವರೆಗೆ ಕಾಣುವ ಕ್ವಾಲಿಟಿ ಸ್ಕೋರ್ ನೇರವಾಗಿ ಹರಾಜಿಗೆ ಹೋಗುವ ಅಂಕವಲ್ಲ. ನಿರೀಕ್ಷಿತ ಸಿಟಿಆರ್, ಜಾಹೀರಾತಿನ ಪ್ರಸ್ತುತತೆ, ಲ್ಯಾಂಡಿಂಗ್ ಪೇಜಿನ (ಒತ್ತಿದಾಗ ತೆರೆಯುವ ಪುಟದ) ಅನುಭವ ಎಂಬ ಮೂರನ್ನು ಸೇರಿಸಿ ತೋರಿಸುವ ತಪಾಸಣಾ ಚೀಟಿ ಎಂದು ಗೂಗಲ್ ತಾನೇ ಹೇಳುತ್ತದೆ. ಆ ಅಂಕವನ್ನು 6ರಿಂದ 7ಕ್ಕೆ ಏರಿಸುವುದೇ ಗುರಿ ಎಂದುಕೊಂಡು ತಿಂಗಳುಗಟ್ಟಲೆ ಹೆಣಗುವವರಿದ್ದಾರೆ. ವ್ಯರ್ಥ ಶ್ರಮ.

ಯಂತ್ರ ಹೀಗೆ ಸಿಟಿಆರ್ ಊಹಿಸುವುದು ಸುಲಭವಲ್ಲ. ಮೈಕ್ರೋಸಾಫ್ಟ್‌ನ ರಿಚರ್ಡ್‌ಸನ್ ಮತ್ತು ಸಂಗಡಿಗರು 2007ರ ಪ್ರಬಂಧದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: ನಿಜವಾದ ಸಿಟಿಆರ್ ಶೇ. 5 ಇರುವ ಜಾಹೀರಾತನ್ನು ಸಾವಿರ ಸಲ ತೋರಿಸಿದರೂ, ನಮ್ಮ ಅಂದಾಜು ಅದರ ಒಂದು ಶೇಕಡಾ ಅಂಶದ ಆಚೀಚೆ ಇದೆ ಎನ್ನಲು ಸಿಗುವ ಭರವಸೆ ಶೇ. 85 ಮಾತ್ರ. ಹೊಸ ಜಾಹೀರಾತಿಗೆ ಅಷ್ಟು ಇತಿಹಾಸವೂ ಇರುವುದಿಲ್ಲ. ಆದ್ದರಿಂದ ಅದರ ಪದಗಳು, ಅದು ಒಯ್ಯುವ ಪುಟ, ಅದನ್ನು ಹೋಲುವ ಬೇರೆ ಜಾಹೀರಾತುಗಳ ಅನುಭವ ಇವುಗಳಿಂದ ಊಹಿಸಬೇಕಾಗುತ್ತದೆ.

ಇನ್ನು, ಅಳೆದು ಬರುವ ಸಿಟಿಆರ್ ಯಾರದು? ಜಾಹೀರಾತಿನದೇ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕಾರ್ನೆಲ್ ವಿಶ್ವವಿದ್ಯಾಲಯದ ಯೋಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕಣ್ಣೋಟದ ಅಧ್ಯಯನ, ಸರ್ಚ್ ಫಲಿತಾಂಶಗಳಲ್ಲಿ ಜನ ಮೇಲಿರುವುದನ್ನು ಮೇಲಿದೆ ಎಂಬ ಕಾರಣಕ್ಕೇ ಹೆಚ್ಚು ಒತ್ತುತ್ತಾರೆ ಎಂದು ತೋರಿಸಿತು. ಕ್ರಾಸ್‌ವೆಲ್ ತಂಡ 2008ರಲ್ಲಿ ಇದಕ್ಕೊಂದು ಮಾದರಿ ಕೊಟ್ಟಿತು: ಓದುಗರು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತಾರೆ, ಒಪ್ಪುವಂಥದ್ದು ಸಿಕ್ಕರೆ ಒತ್ತಿ ನಿಂತುಬಿಡುತ್ತಾರೆ, ಕೆಳಗಿನದನ್ನು ನೋಡಿಯೇ ಇರುವುದಿಲ್ಲ. ಹಾಗಾದರೆ ಕೆಳಗಿನ ಜಾಹೀರಾತಿನ ಕಡಿಮೆ ಸಿಟಿಆರ್ ಅದರ ಬರವಣಿಗೆಯ ದೋಷವಲ್ಲ. ನಿರೀಕ್ಷಿತ ಸಿಟಿಆರ್ ಲೆಕ್ಕಹಾಕುವಾಗ ಸ್ಥಾನದ ಪ್ರಭಾವವನ್ನು ಕಳೆಯುವುದು ಈ ಕಾರಣಕ್ಕೆ. ಅಂಗಡಿ ಮಾಲೀಕರ ಎಕ್ಸೆಲ್ ಹಾಳೆಯಲ್ಲಿ ಮಾತ್ರ ಅದನ್ನು ಕಳೆದಿರುವುದಿಲ್ಲ.

ಪುಟದ ಪ್ರಭಾವ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಸರ್ಚ್ ತಾಣವಾದ ಬಿಂಗ್‌ನ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬಹುದು. 2012ರಲ್ಲಿ ಬಿಂಗ್‌ನ ಉದ್ಯೋಗಿಯೊಬ್ಬರು ಜಾಹೀರಾತಿನ ಶೀರ್ಷಿಕೆಯ ಕೆಳಗಿನ ಮೊದಲ ಸಾಲನ್ನು ಮೇಲೆತ್ತಿ ಶೀರ್ಷಿಕೆಗೇ ಸೇರಿಸಿ ಉದ್ದ ಮಾಡಿದರೆ ಹೇಗೆ ಎಂದು ಸೂಚಿಸಿದರು. ಸೂಚನೆಗಳ ರಾಶಿಯಲ್ಲಿ ಅದು ತಿಂಗಳುಗಟ್ಟಲೆ ಕೆಳಗೇ ಬಿದ್ದಿತ್ತು; ಮುಖ್ಯವೆಂದು ಯಾರಿಗೂ ಅನಿಸಿರಲಿಲ್ಲ. ಕೊನೆಗೆ ಒಬ್ಬ ಎಂಜಿನಿಯರ್, ಮಾಡುವ ಕೆಲಸ ಸಣ್ಣದು ಎಂದು ಕಂಡು, ಕೋಡ್ ಬರೆದು ಬಳಕೆದಾರರ ಒಂದು ಪಾಲಿಗೆ ಹೊಸ ರೂಪವನ್ನೂ ಇನ್ನೊಂದು ಪಾಲಿಗೆ ಹಳೆಯದನ್ನೂ ತೋರಿಸಲು ಬಿಟ್ಟರು. ಕೆಲವೇ ಗಂಟೆಗಳಲ್ಲಿ ಎಚ್ಚರಿಕೆಯ ಸಂದೇಶ ಬಂತು: ಆದಾಯ ಅನುಮಾನ ಬರುವಷ್ಟು ಹೆಚ್ಚಾಗಿದೆ. ಇಂಥ ಎಚ್ಚರಿಕೆ ಸಾಮಾನ್ಯವಾಗಿ ಎಲ್ಲೋ ಎರಡು ಸಲ ಬಿಲ್ ಆಗುತ್ತಿದೆ ಎಂಬುದರ ಗುರುತು. ಇಲ್ಲಿ ಹಾಗಿರಲಿಲ್ಲ. ಆದಾಯ ಶೇ. 12ರಷ್ಟು ಏರಿತ್ತು, ಬಳಕೆದಾರರ ಅನುಭವದ ಸೂಚ್ಯಂಕಗಳು ಕೆಟ್ಟಿರಲಿಲ್ಲ. ಅಮೆರಿಕವೊಂದರಲ್ಲೇ ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚು. ಆಗ ಮೈಕ್ರೋಸಾಫ್ಟ್‌ನ ಪ್ರಯೋಗ ವಿಭಾಗವನ್ನು ನಡೆಸುತ್ತಿದ್ದ ರಾನ್ ಕೊಹಾವಿ ಇದನ್ನು ಹಲವು ಕಡೆ ದಾಖಲಿಸಿದ್ದಾರೆ. ಅವರು ಇದನ್ನು ಪ್ರಯೋಗದ ಮಹತ್ವಕ್ಕೆ ನಿದರ್ಶನವಾಗಿ ಹೇಳುತ್ತಾರೆ, ಅದು ಸರಿಯೇ. ನನಗೆ ಕಾಣುವುದು ಇನ್ನೊಂದು: ಯಾವ ಜಾಹೀರಾತುದಾರರೂ ಒಂದು ಅಕ್ಷರವನ್ನೂ ಬದಲಿಸದೆ ಇಷ್ಟು ದೊಡ್ಡ ಬದಲಾವಣೆ ಆಯಿತು. ಅದೇ ಬಗೆಯಲ್ಲಿ, ಗೂಗಲ್ 2016ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಪರದೆಯ ಬಲಬದಿಯ ಜಾಹೀರಾತು ಸಾಲನ್ನು ತೆಗೆದು ಫಲಿತಾಂಶಗಳ ಮೇಲೆ ನಾಲ್ಕರವರೆಗೆ ಜಾಹೀರಾತು ತೋರಿಸತೊಡಗಿದಾಗ ಎಲ್ಲರ ಸಿಟಿಆರ್ ಅಂಕಿಗಳ ಅರ್ಥವೂ ಒಂದೇ ದಿನದಲ್ಲಿ ಬದಲಾಯಿತು. ಹಳೆಯ ತಿಂಗಳಿಗೂ ಹೊಸ ತಿಂಗಳಿಗೂ ಹೋಲಿಸಿ ವರದಿ ಬರೆದ ಏಜೆನ್ಸಿಗಳು ಮೆಚ್ಚುಗೆ ಪಡೆದಿದ್ದರೆ ಅದು ಅವರಿಗೆ ಸಲ್ಲಬೇಕಾದದ್ದಲ್ಲ.

ಒಟ್ಟು ಸಿಟಿಆರ್ ಎಂಬ ಒಂದೇ ಅಂಕಿ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಅಂಗಡಿಯ ಹೆಸರನ್ನೇ ಹುಡುಕುವವರಿಗೆ ಜಾಹೀರಾತು 1,000 ಸಲ ಕಂಡು 300 ಕ್ಲಿಕ್. ಸಾಮಾನ್ಯ ಪದಗಳಿಗೆ 1,000 ಸಲ ಕಂಡು 20 ಕ್ಲಿಕ್. ಒಟ್ಟು ಶೇ. 16. ಮುಂದಿನ ತಿಂಗಳು ಅಂಗಡಿಯ ಹೆಸರಿನಲ್ಲಿ 1,000ಕ್ಕೆ 320 ಕ್ಲಿಕ್, ಸಾಮಾನ್ಯ ಪದಗಳಲ್ಲಿ 9,000ಕ್ಕೆ 225. ಮೊದಲನೆಯದು ಶೇ. 30ರಿಂದ 32ಕ್ಕೆ, ಎರಡನೆಯದು ಶೇ. 2ರಿಂದ 2.5ಕ್ಕೆ ಏರಿದೆ. ಎರಡೂ ಏರಿವೆ, ಒಟ್ಟು ಮಾತ್ರ ಶೇ. 5.45ಕ್ಕೆ ಕುಸಿದಿದೆ. ಸಂಖ್ಯಾಶಾಸ್ತ್ರದಲ್ಲಿ ಸಿಂಪ್ಸನ್ನನ ವಿರೋಧಾಭಾಸ ಎನ್ನುವುದು ಇದನ್ನೇ. ಇದನ್ನು ತಿರುಗಿಸಿದರೆ ಮೋಸಕ್ಕೂ ದಾರಿ: ಒಟ್ಟು ಸಿಟಿಆರ್ ಏರಿಸಿ ತೋರಿಸಬೇಕಾದವರು ಸಾಮಾನ್ಯ ಪದಗಳನ್ನು ನಿಲ್ಲಿಸಿ ಅಂಗಡಿಯ ಹೆಸರಿಗಷ್ಟೇ ಜಾಹೀರಾತು ಹಾಕಿದರೆ ಸಾಕು. ಹೊಸ ಗಿರಾಕಿ ಒಬ್ಬರೂ ಬರುವುದಿಲ್ಲ, ವರದಿ ಚೆಂದ ಕಾಣುತ್ತದೆ.

ಛೇದದ ಕೆಲಸ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಇಳಕಲ್ ಸೀರೆಗೇ ಮರಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರು ಸೀರೆಗೆ ಎಷ್ಟು ಹೆಸರುವಾಸಿಯೋ ಕೆಂಪು ಗ್ರಾನೈಟಿಗೂ ಅಷ್ಟೇ ಹೆಸರುವಾಸಿ. ಸೀರೆಯ ಜಾಹೀರಾತಿಗೆ ‘ಇಳಕಲ್’ ಎಂಬ ಕೀವರ್ಡನ್ನು ಬ್ರಾಡ್ ಮ್ಯಾಚ್‌ನಲ್ಲಿ, ಎಂದರೆ ಸಂಬಂಧಿತ ಹುಡುಕಾಟಗಳಿಗೆಲ್ಲ ಕಾಣುವಂತೆ, ಹಾಕಿದರೆ ಮನೆಗೆ ನೆಲಹಾಸು ಹುಡುಕುವವರು, ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ ವೇಳೆ ನೋಡುವವರು, ಅಲ್ಲಿಯ ಹವಾಮಾನ ಕೇಳುವವರು ಎಲ್ಲರ ಕಣ್ಣಿಗೂ ಸೀರೆ ಬೀಳಬಹುದು. ‘ಇಳಕಲ್ ಸೀರೆ’ ಎಂದು ಬಿಗಿ ಮಾಡಿದರೂ ಕೆಲಸ ಮುಗಿಯುವುದಿಲ್ಲ. ಸೀರೆಯ ಮೇಲಿನ ಹಾಡು ಬೇಕಾದವರಿದ್ದಾರೆ, ಸ್ಟೇಟಸ್ಸಿಗೆ ಫೋಟೊ ಬೇಕಾದವರಿದ್ದಾರೆ, ಉಡುವ ಬಗೆ ಕಲಿಯಬೇಕಾದವರಿದ್ದಾರೆ, ಶಾಲೆಯ ಪ್ರಾಜೆಕ್ಟಿಗೆ ಇತಿಹಾಸ ಬರೆಯುವ ಮಕ್ಕಳಿದ್ದಾರೆ, ಮಗ್ಗ ಮಾರಾಟಕ್ಕಿದೆಯೇ ಎಂದು ವಿಚಾರಿಸುವ ನೇಕಾರರಿದ್ದಾರೆ. ಇವರಲ್ಲಿ ಯಾರೂ ಕೆಟ್ಟ ಓದುಗರಲ್ಲ, ಆದರೆ ಈ ಜಾಹೀರಾತನ್ನು ಒತ್ತಲು ಅವರಿಗೆ ಕಾರಣವಿಲ್ಲ, ಒತ್ತಿದರೂ ಕೊಳ್ಳುವುದಿಲ್ಲ. ಗ್ರಾನೈಟ್, ಬಸ್, ಹವಾಮಾನ, ಹಾಡು, ಫೋಟೊ, ವಿಧಾನ, ಇತಿಹಾಸ, ಮಗ್ಗ ಇಷ್ಟನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಎಂದರೆ ಜಾಹೀರಾತು ಕಾಣಿಸಬಾರದ ಪದಗಳ ಪಟ್ಟಿಗೆ, ಸೇರಿಸಿದರೆ ಜಾಹೀರಾತಿನ ಒಂದು ಅಕ್ಷರ ಬದಲಾಗದೆ ಸಿಟಿಆರ್ ಏರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪರದೆಯ ಮೇಲಿನ ಕ್ವಾಲಿಟಿ ಸ್ಕೋರ್, ಕೀವರ್ಡಿಗೆ ಯಥಾವತ್ತಾಗಿ ಹೊಂದುವ ಹುಡುಕಾಟಗಳನ್ನಷ್ಟೇ ಗಣಿಸುತ್ತದೆ. ಗ್ರಾನೈಟಿನವರನ್ನು ಹೊರಗಿಟ್ಟದ್ದರಿಂದ ಆ ಅಂಕ ಏರದೇ ಇರಬಹುದು. ಏರುವುದು ಖಾತೆಯ ನಿಜವಾದ ಸಿಟಿಆರ್, ಉಳಿಯುವುದು ತಪ್ಪು ಕ್ಲಿಕ್ಕಿಗೆ ಹೋಗುತ್ತಿದ್ದ ಹಣ. ಇನ್ನೊಂದು ಸೂಕ್ಷ್ಮ ಕನ್ನಡಿಗರಿಗೇ ಸೇರಿದ್ದು. ನೆಗೆಟಿವ್ ಪದ ಸಮಾನಾರ್ಥಕಗಳಿಗೆ ಚಾಚಿಕೊಳ್ಳುವುದಿಲ್ಲ. ‘ಗ್ರಾನೈಟ್’ ತಡೆದರೆ ‘ಕಲ್ಲು’ ತಡೆದಂತಾಗುವುದಿಲ್ಲ. ಫೋನಿನಲ್ಲಿ ಕನ್ನಡ ಟೈಪಿಸುವ ನಮ್ಮವರಲ್ಲಿ ಅನೇಕರು ರೋಮನ್ ಲಿಪಿಯಲ್ಲಿ ಕನ್ನಡ ಬರೆಯುತ್ತಾರೆ, ಪ್ರತಿಯೊಬ್ಬರ ಕಾಗುಣಿತವೂ ಬೇರೆ. ಇಳಕಲ್ಲನ್ನೇ ಇಲಕಲ್, ಇಲ್ಕಲ್, ಇಳಕಲ್ಲ ಎಂದೆಲ್ಲ ಬರೆಯುವವರಿದ್ದಾರೆ. ಸೀರೆಯ ಜಾಗದಲ್ಲಿ ಇಂಗ್ಲಿಷಿನ ಸಾರಿ, ಬೆಲೆಯ ಜಾಗದಲ್ಲಿ ರೇಟು, ಪ್ರೈಸು. ಹಾಗಾಗಿ ಕನ್ನಡದ ಗಿರಾಕಿಯನ್ನು ಹಿಡಿಯಬೇಕಾದವರ ಪಟ್ಟಿ ಇಂಗ್ಲಿಷಿನವರ ಪಟ್ಟಿಗಿಂತ ಉದ್ದವಿರಲೇಬೇಕು, ಎರಡೂ ಲಿಪಿಯಲ್ಲಿರಬೇಕು. ಬೇಕಾದ ಪದಗಳ ಪಟ್ಟಿಗೂ ಬೇಡವಾದ ಪದಗಳ ಪಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಇದು ಬೇಸರದ ಕೆಲಸ, ಯಂತ್ರಾನುವಾದದಿಂದ ಆಗುವಂಥದ್ದಲ್ಲ. ಅಂಗಡಿಯ ಕೌಂಟರಿನಲ್ಲಿ ಕೂತು ಗಿರಾಕಿಗಳು ಏನೆಂದು ಕೇಳುತ್ತಾರೆ ಎಂದು ಕೇಳಿಸಿಕೊಂಡವರಿಂದ ಮಾತ್ರ ಆಗುತ್ತದೆ.

ಛೇದವನ್ನು ಹಾಳುಮಾಡುವವರಲ್ಲಿ ಮಾಲೀಕರೂ ಒಬ್ಬರು. ತನ್ನ ಜಾಹೀರಾತು ಬರುತ್ತಿದೆಯೇ ಎಂದು ದಿನಕ್ಕೆ ಹತ್ತು ಸಲ ಹುಡುಕಿ ನೋಡಿ, ಹಣ ಹೋಗುತ್ತದೆಂದು ಒತ್ತದೆ ಬಿಡುತ್ತಾರೆ. ಪ್ರತಿ ಸಲವೂ ಕ್ಲಿಕ್ ಇಲ್ಲದ ಒಂದು ಪ್ರದರ್ಶನ ಸೇರುತ್ತದೆ. ಕೆಲ ದಿನಗಳಲ್ಲಿ ಅವರ ಫೋನಿಗೆ ಆ ಜಾಹೀರಾತು ಬರುವುದೇ ನಿಲ್ಲಬಹುದು. ಇದಕ್ಕೆಂದೇ ಗೂಗಲ್ ಖಾತೆಯೊಳಗೆ ಪ್ರಿವ್ಯೂ ಸಲಕರಣೆ ಇಟ್ಟಿದೆ.

ಇಷ್ಟೆಲ್ಲ ಹೇಳಿದ ಮೇಲೂ ಅಂಶಕ್ಕೆ ಅದರದೇ ಜಾಗವಿದೆ. ರೆಸ್ಪಾನ್ಸಿವ್ ಸರ್ಚ್ ಆಡ್ ಎಂಬ ಇಂದಿನ ರೂಪದಲ್ಲಿ ತಲಾ 30 ಅಕ್ಷರಗಳ 15 ಶೀರ್ಷಿಕೆ, ತಲಾ 90 ಅಕ್ಷರಗಳ 4 ವಿವರಣೆ ಕೊಡಬಹುದು. ಯಾವುದನ್ನು ಯಾವುದರ ಜೊತೆ ತೋರಿಸಬೇಕೆಂದು ಯಂತ್ರ ಆಯುತ್ತದೆ. 2022ರ ಜೂನ್ 30ರ ನಂತರ ಹಳೆಯ ಬಗೆಯ ಸ್ಥಿರ ಪಠ್ಯದ ಜಾಹೀರಾತನ್ನು ಹೊಸದಾಗಿ ಮಾಡಲಾಗುವುದಿಲ್ಲ. ಇದರಿಂದ ಬರೆಯುವವರ ಕೆಲಸ ಬದಲಾಗಿದೆ: ಒಂದರ ಪಕ್ಕ ಇನ್ನೊಂದು ಬಂದರೂ ಅಸಂಬದ್ಧವಾಗದ ಹದಿನೈದು ತುಣುಕು ಬರೆಯಬೇಕು. ‘ಅತ್ಯುತ್ತಮ ಗುಣಮಟ್ಟ’, ‘ನಂಬಿಕೆಯ ಹೆಸರು’ ಎಂಬ ತುಣುಕುಗಳನ್ನು ಸೇರಿಸಿ ಲೆಕ್ಕ ತುಂಬಿಸುವುದು ಸುಲಭ, ಉಪಯೋಗ ಇಲ್ಲ. ಇಳಕಲ್ ಸೀರೆಯ ವಿಷಯದಲ್ಲಿ ತಿಳಿದವರು ಹುಡುಕುವುದು ಬೇರೆ ಸಂಗತಿಗಳನ್ನು: ಕೈಮಗ್ಗವೋ ಪವರ್‌ಲೂಮೋ, ಸೆರಗು ಟೋಪ ತೆನಿಯೋ, ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ನೇಯ್ದದ್ದೋ, ಅಂಚು ಗೋಮಿಯೋ ಚಿಕ್ಕಪರಾಸೋ. ‘ಟೋಪ ತೆನಿ ಸೆರಗು, ಕೈಮಗ್ಗ’ ಎಂಬ ಶೀರ್ಷಿಕೆ ಅದನ್ನರಿಯದವರನ್ನು ದೂರವಿಡುತ್ತದೆ, ಅರಿತವರನ್ನು ನಿಲ್ಲಿಸುತ್ತದೆ. ಇಲ್ಲೂ ಬರವಣಿಗೆ ಮಾಡುತ್ತಿರುವುದು ಸೋಸುವ ಕೆಲಸವೇ.

ಬೆಲೆ ಬರೆಯಬೇಕೇ ಎಂಬ ಪ್ರಶ್ನೆ ಸದಾ ಏಳುತ್ತದೆ. ಬೆಲೆಯಿಲ್ಲದ ಜಾಹೀರಾತು 10,000 ಸಲ ಕಂಡು 400 ಕ್ಲಿಕ್, ತಲಾ ₹10ರಂತೆ ಖರ್ಚು ₹4,000, ಆರು ಸೀರೆ ಮಾರಾಟ, ಸೀರೆಗೆ ₹600 ಉಳಿತಾಯವೆಂದರೆ ಬಂದದ್ದು ₹3,600, ನಷ್ಟ ₹400. ಬೆಲೆ ಬರೆದ ಮೇಲೆ ಕ್ಲಿಕ್ 250ಕ್ಕೆ ಇಳಿಯಿತು ಎನ್ನಿ. ಸಿಟಿಆರ್ ಇಳಿದದ್ದರಿಂದ ಕ್ಲಿಕ್ಕಿನ ಬೆಲೆ ₹11 ಆಯಿತು, ಖರ್ಚು ₹2,750. ದುಬಾರಿ ಎಂದುಕೊಳ್ಳುವವರು ಒತ್ತುವ ಮೊದಲೇ ಹೋಗಿದ್ದಾರೆ, ಮಾರಾಟ ಅದೇ ಆರು. ಲಾಭ ₹850. ಸಿಟಿಆರ್ ಶೇ. 4ರಿಂದ 2.5ಕ್ಕೆ ಇಳಿದು ವ್ಯಾಪಾರ ಸುಧಾರಿಸಿತು. ಇವು ಕಲ್ಪಿತ ಅಂಕಿಗಳೇ, ಆದರೆ ದಿಕ್ಕು ಸಂಶೋಧನೆಯೊಂದಿಗೆ ಹೊಂದುತ್ತದೆ. ಘೋಷ್ ಮತ್ತು ಯಾಂಗ್ 2009ರ ಅಧ್ಯಯನದಲ್ಲಿ ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟಗಾರರೊಬ್ಬರ ಕೀವರ್ಡುಗಳನ್ನು ಪರಿಶೀಲಿಸಿ, ಹೆಚ್ಚು ಕ್ಲಿಕ್ ಪಡೆಯುವ ಮೇಲಿನ ಸ್ಥಾನಗಳಿಗಿಂತ ನಡುವಿನ ಸ್ಥಾನಗಳಲ್ಲೇ ಹಲವು ವೇಳೆ ಲಾಭ ಹೆಚ್ಚು ಎಂದು ಕಂಡುಕೊಂಡರು. ಅಗರ್‌ವಾಲ್, ಹೊಸನಗರ ಮತ್ತು ಸ್ಮಿತ್ 2011ರಲ್ಲಿ ಕೆಳಗಿನ ಸ್ಥಾನಗಳಿಗಿಳಿದಂತೆ ಸಿಟಿಆರ್ ಕುಗ್ಗಿದರೂ ಒತ್ತಿದವರು ಕೊಳ್ಳುವ ಪ್ರಮಾಣ ಏರಬಹುದೆಂದು ತೋರಿಸಿದರು. ಸುಮ್ಮನೆ ಮೊದಲು ಕಂಡದ್ದನ್ನು ಒತ್ತುವವರು ಮೇಲೆಯೇ ಸೋಸಿಹೋಗಿರುತ್ತಾರೆ.

ಎರಡು ಬರವಣಿಗೆಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸುತ್ತೇವೆ ಎನ್ನುವವರಿಗೆ ಒಂದೇ ಲೆಕ್ಕ ಸಾಕು. ಶೇ. 2 ಮತ್ತು ಶೇ. 2.5ರ ನಡುವಿನ ಅಂತರವನ್ನು ರೂಢಿಯ ಮಾನದಂಡದಲ್ಲಿ ಖಚಿತವಾಗಿ ಹಿಡಿಯಲು ಪ್ರತಿ ಬರವಣಿಗೆಗೂ ಸುಮಾರು 14,000 ಪ್ರದರ್ಶನ ಬೇಕು. ದಿನಕ್ಕೆ ನೂರು ಪ್ರದರ್ಶನ ಸಿಗುವ ಅಂಗಡಿಗೆ ಎರಡು ಬರವಣಿಗೆಯ ಪರೀಕ್ಷೆ ಮುಗಿಯಲು 280 ದಿನ. ಅಷ್ಟರಲ್ಲಿ ನಾಗರಪಂಚಮಿ, ದಸರಾ, ದೀಪಾವಳಿ, ಮದುವೆಯ ಕಾಲ ಎಲ್ಲ ಬಂದುಹೋಗುತ್ತವೆ. ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಒಂದು ವಾರದ ಅಂಕಿ ನೋಡಿ ‘ಬಿ’ ಗೆದ್ದಿತು ಎಂದು ಘೋಷಿಸುವವರು ಹೇಳುತ್ತಿರುವುದು ಆಕಸ್ಮಿಕವನ್ನು. ಸಣ್ಣ ಅಂಗಡಿಗಳು ಬರವಣಿಗೆಯ ಸೂಕ್ಷ್ಮ ಪರೀಕ್ಷೆ ಬಿಟ್ಟು ಪದಗಳ ಪಟ್ಟಿಗೆ ಸಮಯ ಕೊಡಬೇಕು ಎನ್ನಲು ನನಗಿರುವ ಮುಖ್ಯ ಕಾರಣ ಇದು.

ಕ್ಲಿಕ್ ಬಂತು, ಮಾರಾಟವೂ ಆಯಿತು. ಆದರೂ ಆ ಕ್ಲಿಕ್ಕಿನಿಂದ ಲಾಭವಾಯಿತು ಎನ್ನಲಾಗದು. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಅರ್ಥಶಾಸ್ತ್ರಜ್ಞರಾದ ಬ್ಲೇಕ್, ನೋಸ್ಕೊ ಮತ್ತು ಟಡೆಲಿಸ್. ಆನ್‌ಲೈನ್ ಮಾರಾಟ ತಾಣವಾದ ಇಬೇಯಲ್ಲಿದ್ದುಕೊಂಡೇ ಅವರು ನಡೆಸಿದ ಪ್ರಯೋಗಗಳ ಪ್ರಬಂಧ 2015ರಲ್ಲಿ ಇಕನಾಮೆಟ್ರಿಕಾದಲ್ಲಿ ಬಂತು. 2012ರ ಮಾರ್ಚಿನಲ್ಲಿ ಇಬೇ, ತನ್ನ ಹೆಸರು ಸೇರಿದ ಹುಡುಕಾಟಗಳಿಗೆ ಯಾಹೂ ಮತ್ತು ಮೈಕ್ರೋಸಾಫ್ಟ್ ತಾಣಗಳಲ್ಲಿ ಜಾಹೀರಾತು ನಿಲ್ಲಿಸಿತು. ಇಂಥ ಜಾಹೀರಾತುಗಳ ಸಿಟಿಆರ್ ಸಹಜವಾಗಿಯೇ ಅತಿ ಎತ್ತರದ್ದು. ‘ಇಬೇ’ ಎಂದು ಟೈಪಿಸಿದವರು ಇಬೇಗೇ ಹೋಗಬೇಕಾದವರು. ನಿಂತ ಮೇಲೆ ಏನಾಯಿತು? ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್ಕುಗಳ ಶೇ. 99.5ರಷ್ಟು ಕೆಳಗಿನ ಉಚಿತ ಫಲಿತಾಂಶದ ಮೂಲಕ ಬಂದುಬಿಟ್ಟವು. ಮನೆಯ ಬಾಗಿಲಿಗೆ ಬಂದ ನೆಂಟರನ್ನು ಒಳಗೆ ಕರೆಯಲು ಕೂಲಿ ಕೊಟ್ಟ ಹಾಗೆ.

ಮುಂದಿನ ಹಂತ ಇನ್ನೂ ಮುಖ್ಯ. ಇಬೇ ಹೆಸರಿಲ್ಲದ ಸಾಮಾನ್ಯ ಪದಗಳ ಜಾಹೀರಾತನ್ನು ಗೂಗಲ್‌ನಲ್ಲಿ ಅಮೆರಿಕದ ಕೆಲವು ಪ್ರದೇಶಗಳಲ್ಲಿ ಮಾತ್ರ, ಚೀಟಿ ಎತ್ತಿದಂತೆ ಆಯ್ದು ನಿಲ್ಲಿಸಿದರು. ಒಟ್ಟಾರೆ ಮಾರಾಟದ ಮೇಲೆ ಕಂಡ ಪರಿಣಾಮ ಸೊನ್ನೆಯ ಸಮೀಪ. ಆದರೆ ಬಳಕೆದಾರರನ್ನು ವಿಂಗಡಿಸಿ ನೋಡಿದಾಗ ಚಿತ್ರ ಬೇರೆಯಾಯಿತು: ಹೊಸಬರಿಗೆ ಮತ್ತು ಅಪರೂಪಕ್ಕೆ ಕೊಳ್ಳುವವರಿಗೆ ಜಾಹೀರಾತು ನಿಜಕ್ಕೂ ಪ್ರಯೋಜನ ಕೊಟ್ಟಿತ್ತು, ಖರ್ಚಿನ ದೊಡ್ಡ ಪಾಲು ಮಾತ್ರ ಹೇಗೂ ಬರುತ್ತಿದ್ದ ಹಳೆಯ ಗಿರಾಕಿಗಳ ಕ್ಲಿಕ್ಕಿಗೆ ಹೋಗುತ್ತಿತ್ತು. ಇಬೇಯಂಥ ಮನೆಮಾತಾದ ಹೆಸರಿನ ಫಲಿತಾಂಶವನ್ನು ಇಳಕಲ್ಲಿನ ಅಂಗಡಿಗೆ ನೇರವಾಗಿ ಹಚ್ಚಲಾಗದು. ಹೆಸರೇ ಗೊತ್ತಿಲ್ಲದ ಅಂಗಡಿಗೆ ಬರುವವರೆಲ್ಲ ಹೊಸಬರೇ. ತತ್ವ ಮಾತ್ರ ಅನ್ವಯಿಸುತ್ತದೆ. ಸಿಟಿಆರ್ ಅತಿ ಹೆಚ್ಚಿರುವ ಕಡೆಯೇ ಜಾಹೀರಾತಿನ ಅಗತ್ಯ ಅತಿ ಕಡಿಮೆ ಇರಬಹುದು.

ಹೆಸರಿನ ಪದಗಳಿಗೆ ಜಾಹೀರಾತು ಹಾಕಲು ಇರುವ ಬಲವಾದ ಕಾರಣ ಪ್ರತಿಸ್ಪರ್ಧಿಗಳು. ನಮ್ಮ ಹೆಸರಿನ ಮೇಲೆ ಅವರು ಬಿಡ್ ಮಾಡಿದರೆ? ಭಾರತದಲ್ಲಿ ಈ ಜಗಳ ಬಹಳ ವರ್ಷ ನ್ಯಾಯಾಲಯಗಳಲ್ಲಿ ನಡೆದಿದೆ. ಡಿಆರ್‌ಎಸ್ ಲಾಜಿಸ್ಟಿಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರ ಆಗಸ್ಟಿನಲ್ಲಿ, ಟ್ರೇಡ್‌ಮಾರ್ಕನ್ನು ಕೀವರ್ಡಾಗಿ ಬಳಸುವುದು ಕಾನೂನಿನ ಅರ್ಥದಲ್ಲಿ ‘ಬಳಕೆ’ಯೇ ಎಂದಿತು, ಆದರೆ ಗ್ರಾಹಕರಿಗೆ ಗೊಂದಲವಾಗದಿದ್ದರೆ ಅಷ್ಟರಿಂದಲೇ ಉಲ್ಲಂಘನೆಯಾಗದು ಎಂದೂ ಹೇಳಿತು. ಬೇರೆಯವರ ಹೆಸರಿನ ಮೇಲೆ ಜಾಹೀರಾತು ಹಾಕುವವರ ಸಿಟಿಆರ್ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಕ್ಲಿಕ್ಕಿಗೆ ಅವರು ತೆರುವ ಬೆಲೆ ಹೆಚ್ಚು. ಹರಾಜಿನ ಸೂತ್ರವೇ ಒಂದು ಬಗೆಯ ದಂಡ ಹಾಕುತ್ತದೆ.

ಆ ಸೂತ್ರ ತಟಸ್ಥವೇ ಎಂಬ ಪ್ರಶ್ನೆಗೆ 2024ರಲ್ಲಿ ಹೊಸ ಬೆಳಕು ಬಿತ್ತು. ಆಗಸ್ಟ್ 5ರಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶ ಅಮಿತ್ ಮೆಹ್ತಾ, ಸಾಮಾನ್ಯ ಸರ್ಚ್ ಸೇವೆ ಮತ್ತು ಸರ್ಚ್‌ನ ಪಠ್ಯ ಜಾಹೀರಾತು ಎರಡರಲ್ಲೂ ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು ತೀರ್ಪಿತ್ತರು. ತೀರ್ಪಿನಲ್ಲಿ ಬೆಲೆ ಏರಿಸುವ ಹಲವು ಒಳಸಾಧನಗಳ ವಿವರವಿದೆ. ‘ಸ್ಕ್ವಾಷಿಂಗ್’ ಅವುಗಳಲ್ಲೊಂದು: ಹಿಂದುಳಿದ ಸ್ಪರ್ಧಿಯ ಊಹಿತ ಸಿಟಿಆರ್ ಅನ್ನು ಸೂತ್ರದಲ್ಲಿ ಮೇಲೆತ್ತಿ ಅಂತರ ತಗ್ಗಿಸುವುದು. ನಮ್ಮ ಮೂವರ ಹರಾಜಿಗೆ ಹಚ್ಚಿ ನೋಡಿ. ₹20 ಕೂಗಿದವರ ಶೇ. 2 ಅನ್ನು ಯಂತ್ರ ಶೇ. 2.5 ಎಂದು ಹಿಡಿದರೆ ಅವರ ಗುಣಲಬ್ಧ 50 ಪೈಸೆ; ಮೇಲಿರುವ ಶೇ. 5ರವರು ಈಗ ತೆರಬೇಕಾದದ್ದು ₹8 ಅಲ್ಲ, ₹10. ಶ್ರಮಪಟ್ಟು ಗಳಿಸಿದ ಹೆಚ್ಚಿನ ಸಿಟಿಆರ್‌ನ ಫಲದಲ್ಲಿ ಒಂದು ಪಾಲು ತಾಣಕ್ಕೆ ಹೋಯಿತು. ಸಿಟಿಆರ್‌ನ ಪ್ರಭಾವವನ್ನು ಹೀಗೆ ತಗ್ಗಿಸುವುದರಿಂದ ಆದಾಯ ಹೇಗೆ ಬದಲಾಗುತ್ತದೆ ಎಂಬುದನ್ನು ಯಾಹೂ ಸಂಶೋಧಕರಾದ ಲಾಹೈ ಮತ್ತು ಪೆನಾಕ್ 2007ರಲ್ಲೇ ಸೈದ್ಧಾಂತಿಕವಾಗಿ ಬಿಡಿಸಿಟ್ಟಿದ್ದರು. ಸಿಟಿಆರ್ ದುಪ್ಪಟ್ಟಾದರೆ ಕ್ಲಿಕ್ಕಿನ ಬೆಲೆ ಅರ್ಧವಾಗುತ್ತದೆ ಎಂದು ತರಬೇತಿ ಶಿಬಿರಗಳಲ್ಲಿ ಹೇಳುವ ಮಾತು ಶುದ್ಧ ಸೂತ್ರದ ಪಾಠಪುಸ್ತಕದ ರೂಪದಲ್ಲಿ, ಅದೂ ಸ್ಥಾನ ಬದಲಾಗದಿದ್ದಾಗ ಮಾತ್ರ ನಿಜ.

ಛೇದದ ಮೇಲಿನ ಹಿಡಿತವೂ ಸಡಿಲಾಗುತ್ತ ಬಂದಿದೆ. ಕೀವರ್ಡಿಗೆ ಯಥಾವತ್ತಾಗಿ ಹೊಂದುವ ಹುಡುಕಾಟಕ್ಕಷ್ಟೇ ಜಾಹೀರಾತು ತೋರಿಸಬೇಕಾದ ಗೂಗಲ್‌ನ ಎಕ್ಸಾಕ್ಟ್ ಮ್ಯಾಚ್ ಕೂಡ 2014ರಿಂದ ಸಮೀಪದ ರೂಪಗಳನ್ನು ಒಳಗೊಳ್ಳುತ್ತದೆ. ಬೇಡ ಎನ್ನುವ ಆಯ್ಕೆಯನ್ನು ತೆಗೆದುಹಾಕಲಾಯಿತು. 2018ರಲ್ಲಿ ಆ ಸಮೀಪತೆ ಒಂದೇ ಅರ್ಥದ ಬೇರೆ ಪದಗಳವರೆಗೆ ಚಾಚಿತು. 2020ರ ಸೆಪ್ಟೆಂಬರ್‌ನಿಂದ ಜಾಹೀರಾತುದಾರರಿಗೆ ಸಿಗುವ ಸರ್ಚ್ ಟರ್ಮ್ಸ್ ವರದಿಯಲ್ಲಿ ಗಮನಾರ್ಹ ಸಂಖ್ಯೆಯ ಬಳಕೆದಾರರು ಹುಡುಕಿದ ಪದಗಳು ಮಾತ್ರ ಕಾಣುತ್ತವೆ. 2025ರ ಸೆಪ್ಟೆಂಬರಿನ ಪರಿಹಾರ ಆದೇಶದಲ್ಲಿ ಮೆಹ್ತಾ, ಹರಾಜಿನಲ್ಲಿ ಮಾಡುವ ಮುಖ್ಯ ಬದಲಾವಣೆಗಳನ್ನು ಗೂಗಲ್ ಬಹಿರಂಗಪಡಿಸಬೇಕು ಎಂದರು. ಆದರೆ ಹುಡುಕಾಟದ ಮಟ್ಟದ ಸೂಕ್ಷ್ಮ ದತ್ತಾಂಶವನ್ನು ಜಾಹೀರಾತುದಾರರಿಗೆ ಕೊಡಬೇಕೆಂದಾಗಲಿ, ನಿಜವಾದ ಎಕ್ಸಾಕ್ಟ್ ಮ್ಯಾಚನ್ನು ಮರಳಿ ತರಬೇಕೆಂದಾಗಲಿ ಆದೇಶಿಸಲಿಲ್ಲ.

ಹೀಗಿರುವಾಗ ಉಳಿದಿರುವ ದಾರಿ ಕಳೆಯುವ ಲೆಕ್ಕ. ತಿಂಗಳಲ್ಲಿ ಒಂದು ಕೀವರ್ಡಿಗೆ 40,000 ಪ್ರದರ್ಶನ, 800 ಕ್ಲಿಕ್, ₹8,000 ಖರ್ಚು ಎನ್ನಿ. ವರದಿಯಲ್ಲಿ ಕಾಣುವ ಪದಗಳ ಮೊತ್ತ 22,000 ಪ್ರದರ್ಶನ, 616 ಕ್ಲಿಕ್, ₹5,900. ಕಳೆದರೆ, ಕಾಣದ ಪದಗಳ ಪಾಲು 18,000 ಪ್ರದರ್ಶನ, 184 ಕ್ಲಿಕ್, ₹2,100. ಕಂಡ ಪದಗಳ ಸಿಟಿಆರ್ ಶೇ. 2.8, ಕ್ಲಿಕ್ಕಿಗೆ ಸುಮಾರು ₹9.60, ಕಾಣದ ಪದಗಳದ್ದು ಶೇ. 1.02, ಕ್ಲಿಕ್ಕಿಗೆ ಸುಮಾರು ₹11.40. ಮಾರಾಟದ ಸಂಖ್ಯೆಯನ್ನೂ ಇದೇ ರೀತಿ ಕಳೆದು ನೋಡಬೇಕು. ಕಾಣದ ₹2,100ರಿಂದ ಮಾರಾಟ ಬಂದಿದ್ದರೆ ಹಾಗೇ ಬಿಡಬಹುದು. ಬಂದಿಲ್ಲವಾದರೆ ಆ ಕೀವರ್ಡನ್ನು ಬ್ರಾಡ್‌ನಿಂದ ಅದಕ್ಕಿಂತ ಬಿಗಿಯಾದ ಫ್ರೇಸ್ ಮ್ಯಾಚಿಗೆ ಬದಲಿಸಿ, ಮುಂದಿನ ತಿಂಗಳು ಮತ್ತೆ ಕಳೆದು, ಕಾಣದ ಪದಗಳ ಪಾಲು 18,000ದಿಂದ ಎಷ್ಟಕ್ಕೆ ಇಳಿಯಿತು ಎಂದು ನೋಡಬೇಕು.